ಹೇಮಾವತಿ ಹಿನ್ನೀರಿಗೆ ಎಂಥ ಹಾಯಿದೋಣಿ? ಕೊಳ್ಳುವವರಿಗೆ ಹನ್ನೆರಡು ಸೂತ್ರಗಳು

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಜಲಾಶಯ ತುಂಬಿ ನಿಂತಾಗ ಹಿಡಿಯುವ ನೀರು 37 ಟಿಎಂಸಿ, ಹರವು ಸುಮಾರು 8,500 ಹೆಕ್ಟೇರ್. ಆಲೂರು ಕಡೆಯ ದಿಬ್ಬ ಹತ್ತಿ ನಿಂತರೆ ಕಣ್ಣು ಹಾಯುವಷ್ಟು ದೂರ ನೀರೇ ನೀರು. ಅದರ ಮೇಲೆ ಮೀನುಗಾರರ ತೆಪ್ಪಗಳು ಕಾಣುತ್ತವೆ, ಹಾಯಿ ಕಾಣುವುದು ಅಪರೂಪ. ಇದೇ ಹೇಮಾವತಿ ಕೆಳಗೆ ಹರಿದು ಕಾವೇರಿಯನ್ನು ಕೂಡುವ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಸ್ಪರ್ಧೆಗಳೇ ನಡೆದಿವೆ. ಹಾಗಿರುವಾಗ ನದಿಯ ಮೇಲ್ಬದಿಯ ನಾವು ದಡದಲ್ಲಿ ನಿಂತು ಫೋಟೊ ತೆಗೆದುಕೊಂಡಷ್ಟಕ್ಕೇ ತೃಪ್ತರಾಗಬೇಕಿಲ್ಲ.

ಸಕಲೇಶಪುರ, ಆಲೂರಿನ ತೋಟದ ಮನೆಗಳಲ್ಲಿ ಹಾಯಿದೋಣಿಯ ಆಸೆ ಇರುವವರು ಇದ್ದಾರೆ. ಅವರಿಗಾಗಿ ಈ ಸೂತ್ರಗಳು. ಬೆಳಗ್ಗೆ ನೀರಿಗಿಳಿಸಿ, ಸಂಜೆಯೊಳಗೆ ದಡ ಸೇರಿಸಿ, ಗಾಡಿಗೇರಿಸಿಕೊಂಡು ಮನೆಗೆ ಬರುವಂಥ ಸಣ್ಣ ದೋಣಿಯ ಮಾತು ಇದು. ಸಮುದ್ರಯಾನದ ಮಾತಲ್ಲ.

1. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ನೀರು ನೋಡಿ

ದೋಣಿಯ ಬೆಲೆ ವಿಚಾರಿಸುವ ಮೊದಲೇ ಈ ಕೆಲಸ ಆಗಬೇಕು. ಬೇಸಿಗೆಯ ಕೊನೆಗೆ ಹಿನ್ನೀರು ಹಿಂದೆ ಸರಿದಾಗ ಮುಳುಗಡೆಯಾದ ಊರುಗಳ ಪಾಯ, ಹಳೇ ರಸ್ತೆ, ಕಲ್ಲುಕಟ್ಟೆ, ಕಡಿದುಳಿದ ಮರದ ಮೊಂಡುಗಳು ಒಂದೊಂದಾಗಿ ಮೇಲೇಳುತ್ತವೆ. ಮುಂಗಾರು ಹಿಡಿದು ಜಲಾಶಯ ತುಂಬುತ್ತಿದ್ದಂತೆ ಅವೆಲ್ಲ ಮತ್ತೆ ನೀರಡಿ ಹೋಗುತ್ತವೆ. ಎಷ್ಟೋ ಕಡೆ ಹೋಗುವುದು ಮೂರು ಅಡಿ ಕೆಳಗೆ ಮಾತ್ರ. ದೋಣಿ ಒಡೆಯುವುದು ಅಂಥ ಕಡೆಯೇ. ನಿಮಗೆ ಬೇಕಾದ ಕಡೆಯ ಮೊಂಡು, ಬಂಡೆಗಳನ್ನು ಮೇ ತಿಂಗಳಲ್ಲಿ ನಡೆದುಕೊಂಡೇ ಹೋಗಿ ಫೋನಿನ ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಆ ನಕ್ಷೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಶೆಟ್ಟಿಹಳ್ಳಿಯ ಚರ್ಚ್ ಎಲ್ಲರಿಗೂ ಗೊತ್ತು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಕಟ್ಟಡ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬಯಲಿಗೆ ಬರುತ್ತದೆ. ನೀರು ವರ್ಷದೊಳಗೆ ಎಷ್ಟು ಏರಿಳಿಯುತ್ತದೆ ಎಂಬುದಕ್ಕೆ ಅದರ ಗೋಡೆಗಿಂತ ಒಳ್ಳೆಯ ಅಳತೆಗೋಲಿಲ್ಲ. ಆದರೆ ಗೋಡೆಗಳು ಕುಸಿಯುತ್ತಿವೆ. ದೋಣಿಯನ್ನು ಕಮಾನಿನೊಳಗೆ ನುಗ್ಗಿಸುವ ಆಸೆ ಬೇಡ. ದೂರದಿಂದಲೇ ನೋಡಿ ಬನ್ನಿ.

ಇನ್ನೊಂದು ಲೆಕ್ಕ: ಸೆಪ್ಟೆಂಬರಿನಲ್ಲಿ ಗಾಡಿ ನಿಲ್ಲಿಸಿದ ಜಾಗದಿಂದ ಹತ್ತು ಹೆಜ್ಜೆಗೆ ಸಿಗುವ ನೀರು ಮಾರ್ಚ್ ಹೊತ್ತಿಗೆ ಕೆಸರಿನ ಬಯಲು ದಾಟಿ ಎಲ್ಲೋ ದೂರದಲ್ಲಿರುತ್ತದೆ. ದೋಣಿಯ ತೂಕ ನಿರ್ಧರಿಸುವಾಗ ಈ ಮಾರ್ಚ್ ತಿಂಗಳನ್ನು ನೆನಪಿಡಿ.

2. ಗಾಳಿಯ ಪಂಚಾಂಗ ಬರೆದಿಡಿ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪಡುವಣ ಗಾಳಿ. ಘಟ್ಟ ಹತ್ತಿ ಬರುವ ಈ ಗಾಳಿಗೆ ಬಲವಿದೆ, ಜೊತೆಗೆ ಮಳೆಯೂ ಇದೆ. ಹೊಳೆ ಹೊತ್ತು ತರುವ ಮರದ ದಿಮ್ಮಿಗಳೂ ಇದೇ ಕಾಲದಲ್ಲಿ ಹಿನ್ನೀರಿಗೆ ಬಂದು ಸೇರುತ್ತವೆ. ಹಿಂಗಾರಿನ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಮೂಡಣದಿಂದ ಬೀಸಲು ಶುರುಮಾಡುತ್ತದೆ. ನವೆಂಬರ್, ಡಿಸೆಂಬರಿನ ಬೆಳಗುಗಳಲ್ಲಿ ಮಂಜು ಕರಗುವ ತನಕ ಎಲೆಯೂ ಅಲುಗದು. ಹೊತ್ತೇರಿದ ಮೇಲೆ ಗಾಳಿ ಏಳುತ್ತದೆ, ಸಂಜೆಗೆ ಮಲಗುತ್ತದೆ. ಮಾರ್ಚ್, ಏಪ್ರಿಲಿನ ಹೂಮಳೆ ಕಾಫಿಗೆ ವರ, ಹಾಯಿಗೆ ಗಂಡಾಂತರ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಿದರೆ ಆ ಬಟಾಬಯಲು ನೀರಿನಲ್ಲಿ ಎತ್ತರದ ಲೋಹದ ಕಂಬ ನಿಮ್ಮದೊಂದೇ. ಮೊದಲ ಗುಡುಗಿಗೇ ದಡಕ್ಕೆ ಬನ್ನಿ.

ಗುಡ್ಡದ ನಾಡಿನ ಗಾಳಿಗೆ ಇನ್ನೊಂದು ಗುಣವಿದೆ. ಅದು ಒಂದೇ ಸಮ ಬೀಸುವುದಿಲ್ಲ. ದಿಬ್ಬದ ಮರೆಯಲ್ಲಿ ಸತ್ತಂತಿದ್ದು, ಕಣಿವೆಯ ಬಾಯಿಗೆ ಬಂದ ತಕ್ಷಣ ಪಕ್ಕದಿಂದ ಹೊಡೆಯುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಹಾಯಿಯನ್ನು ಚಿಕ್ಕದು ಮಾಡಿಕೊಳ್ಳಲು ಅನುಕೂಲವಿರುವ, ಬಗ್ಗಿದರೆ ತಾಳಿಕೊಳ್ಳುವ ದೋಣಿ. ವೇಗದ ಹುಚ್ಚಿಗೆಂದೇ ಮಾಡಿದ, ಭಾರೀ ಹಾಯಿಯ ದೋಣಿಗಳನ್ನು ಮೊದಲ ವರ್ಷ ಮುಟ್ಟಬೇಡಿ. ಗಂಟೆಗೆ 12ರಿಂದ 19 ಕಿಲೋಮೀಟರ್ ಗಾಳಿ ಕಲಿಯುವವರಿಗೆ ಹಿತ. ನೀರಿನ ಮೇಲೆ ಬಿಳಿ ನೊರೆಯ ಅಲೆಗಳು ಎಲ್ಲೆಡೆ ಪದೇ ಪದೇ ಒಡೆಯತೊಡಗಿದರೆ ಗಾಳಿ 20 ದಾಟಿತೆಂದು ಲೆಕ್ಕ. ಆ ದಿನ ದೋಣಿಗೆ ರಜೆ.

3. ದೋಣಿಯಲ್ಲಿ ಕೂರುವವರು ಯಾರು? ಅದನ್ನು ಮೊದಲು ತೀರ್ಮಾನಿಸಿ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಜಾಗ ಇದು. ಭಾರತದ ಕ್ಲಬ್ಬುಗಳಲ್ಲಿ ಹೆಚ್ಚಾಗಿ ಓಡಾಡುವ, ಬಿಡಿಭಾಗ ಸಿಗುವ, ಮುಂದೆ ಮಾರಬೇಕೆಂದರೆ ಕೊಳ್ಳುವವರೂ ಸಿಗುವ ದೋಣಿಗಳು ಬೆರಳೆಣಿಕೆಯಷ್ಟು.

ಮಕ್ಕಳಿಗೆ ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ ಈ ಪೆಟ್ಟಿಗೆಯಾಕಾರದ ದೋಣಿಯ ಉದ್ದ 2.3 ಮೀಟರ್, ಬರೀ ಒಡಲಿನ ತೂಕ 35 ಕಿಲೋ. ಜಗತ್ತಿನ ದೊಡ್ಡ ದೊಡ್ಡ ಹಾಯಿಗಾರರಲ್ಲಿ ಬಹಳ ಮಂದಿ ಇದರಲ್ಲೇ ಅಕ್ಷರಾಭ್ಯಾಸ ಮಾಡಿದವರು. ಸ್ಪರ್ಧೆಗೆ 15 ವರ್ಷದವರೆಗೆ ಇದರಲ್ಲಿ ಅವಕಾಶ. ಮಗು ಒಂದೇ ಕೂತು ತಾನೇ ಚುಕ್ಕಾಣಿ ಹಿಡಿಯಬೇಕು. ಅಪ್ಪ ಜೊತೆಗೆ ಕೂರುವ ದೋಣಿಯಲ್ಲ ಇದು. ಅಪ್ಪನ ಜಾಗ ಪಕ್ಕದ ತೆಪ್ಪ.

ಒಬ್ಬರೇ ಹೋಗುವವರಿಗೆ ಲೇಸರ್. ಈಗ ಅಧಿಕೃತವಾಗಿ ಐಎಲ್‌ಸಿಎ ಎನ್ನುತ್ತಾರೆ, ಬಾಯಲ್ಲಿ ಇನ್ನೂ ಲೇಸರ್ರೇ. ಕೆನಡಾದ ಬ್ರೂಸ್ ಕರ್ಬಿ ಗೆರೆ ಎಳೆದ ಈ ದೋಣಿ 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಚೆನ್ನೈನ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋದದ್ದು ಇದರದ್ದೇ ಮಧ್ಯಮ ಹಾಯಿಯಲ್ಲಿ. ಉದ್ದ 4.2 ಮೀಟರ್, ಒಡಲಿನ ತೂಕ 59 ಕಿಲೋ. ಇದರ ದೊಡ್ಡ ಉಪಕಾರ ಏನೆಂದರೆ ಒಡಲು ಒಂದೇ, ಹಾಯಿ ಮೂರು ಅಳತೆ: 7.06, 5.76, 4.7 ಚದರ ಮೀಟರ್. ಕಂಬದ ಕೆಳತುಂಡು ಮತ್ತು ಹಾಯಿ ಬದಲಿಸಿದರೆ 80 ಕಿಲೋ ತೂಗುವ ಮಾವನೂ 50 ಕಿಲೋ ತೂಗುವ ಸೊಸೆಯೂ ಅದೇ ದೋಣಿಯನ್ನು ಬೇರೆ ಬೇರೆ ದಿನ ಓಡಿಸಬಹುದು. ನಮ್ಮ ಗಾಳಿಗೆ ನನ್ನ ಆಯ್ಕೆ ಮಧ್ಯದ ಹಾಯಿ. ಆದರೆ ಲೇಸರ್‌ನಲ್ಲಿ ಬಟ್ಟೆ ಒದ್ದೆಯಾಗದೆ ಬರುವುದು ಸಾಧ್ಯವಿಲ್ಲ. ಬುತ್ತಿ ಇಡಲೂ ಸರಿಯಾದ ಜಾಗವಿಲ್ಲ.

ಗಂಡ-ಹೆಂಡತಿ, ಅಣ್ಣ-ತಮ್ಮ, ಇಬ್ಬರು ಗೆಳೆಯರಿಗೆ ಎಂಟರ್‌ಪ್ರೈಸ್. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ಮಾಡಿದ ವಿನ್ಯಾಸ, ನೀಲಿ ಹಾಯಿಯಿಂದ ದೂರಕ್ಕೇ ಗುರುತು ಸಿಗುತ್ತದೆ. ಉದ್ದ ಸುಮಾರು 4 ಮೀಟರ್. ಒಬ್ಬರು ಚುಕ್ಕಾಣಿ ಮತ್ತು ದೊಡ್ಡ ಹಾಯಿ, ಇನ್ನೊಬ್ಬರು ಮುಂದಿನ ಸಣ್ಣ ಹಾಯಿ. ಕೆಲಸ ಹಂಚಿಕೆಯಾಗುವುದರಿಂದ ಕಲಿಕೆ ಬೇಗ. ನೌಕಾಪಡೆ, ಸೇನೆ, ಎನ್‌ಸಿಸಿ ನೌಕಾ ವಿಭಾಗ ಎಲ್ಲವೂ ಬಳಸಿದ ದೋಣಿಯಾದ್ದರಿಂದ ಹಳೆಯವು ಮಾರಾಟಕ್ಕೆ ಬರುವುದುಂಟು. ಆಲೂರು ಹಿನ್ನೀರಿಗೆ ಒಂದೇ ಒಂದು ದೋಣಿ ಹೇಳಿ ಎಂದರೆ ನಾನು ಹೇಳುವುದು ಇದನ್ನೇ. ಕಾರಣ ಮುಂದಿನ ಸೂತ್ರದಲ್ಲಿದೆ.

ಮನೆಮಂದಿ ಮೂರು ನಾಲ್ಕು ಜನ ಬುತ್ತಿ ಕಟ್ಟಿಕೊಂಡು ಹೋಗಬೇಕೆಂದರೆ ವೇಫೇರರ್ ಜಾತಿಯ, 16 ಅಡಿಯ ಆಸುಪಾಸಿನ ದೋಣಿ ಬೇಕು. ತುಂಬ ನೆಮ್ಮದಿಯ ದೋಣಿ, ಹಾಯಿಯನ್ನು ಮಡಚಿ ಚಿಕ್ಕದು ಮಾಡುವುದೂ ಸುಲಭ. ಆದರೆ ಒಡಲೇ 169 ಕಿಲೋ. ಕೆಸರು ದಡದಲ್ಲಿ ಅದನ್ನು ಎಳೆಯಲು ಆಳುಗಳು ಬೇಕು.

4. ಅಡಿಹಲಗೆ ಮಡಚಿಕೊಳ್ಳುವಂತಿರಲಿ

ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರಿ ಹೋಗದಂತೆ ಹಿಡಿಯುವುದು ಅದರ ಹೊಟ್ಟೆಯಿಂದ ನೀರಿಗಿಳಿಯುವ ಹಲಗೆ. ಇದರಲ್ಲಿ ಎರಡು ಬಗೆ. ಒಂದು, ಮೇಲಿನಿಂದ ನೇರವಾಗಿ ತೂರಿಸುವಂಥದ್ದು. ಲೇಸರ್, ಆಪ್ಟಿಮಿಸ್ಟ್‌ಗಳದ್ದು ಹೀಗೆ. ಇನ್ನೊಂದು, ಕೀಲಿನ ಮೇಲೆ ತಿರುಗಿ ಹಿಂದಕ್ಕೆ ಮಡಚಿಕೊಳ್ಳುವಂಥದ್ದು. ಎಂಟರ್‌ಪ್ರೈಸ್, ವೇಫೇರರ್‌ಗಳದ್ದು ಹೀಗೆ. ನೀರಡಿಯ ಮೊಂಡಿಗೆ ತಾಗಿದಾಗ ಮಡಚುವ ಹಲಗೆ ತಾನಾಗಿ ಮೇಲೆದ್ದು ದೋಣಿಯನ್ನು ಮುಂದೆ ಬಿಡುತ್ತದೆ. ನೇರ ಹಲಗೆ ಅಲ್ಲೇ ಸಿಕ್ಕಿಕೊಂಡು, ಅದರ ಗೂಡು ಬಿರಿದು, ದೋಣಿಯೊಳಗೆ ನೀರು ಬರುವ ಅಪಾಯ ಉಂಟು. ಸಮುದ್ರದವರಿಗೆ, ಆಳವಾದ ಕೆರೆಯವರಿಗೆ ಇದು ಸಣ್ಣ ಸಂಗತಿ. ಕಾಡು, ಗದ್ದೆ, ಊರು ಮುಳುಗಿಸಿ ನಿಂತ ನಮ್ಮ ನೀರಿಗೆ ಇದೇ ದೊಡ್ಡ ಸಂಗತಿ. ಚುಕ್ಕಾಣಿಯ ಅಲಗೂ ಹಾಗೆಯೇ ಮಡಚುವಂತಿರಲಿ.

ಲೇಸರ್ ಕೊಂಡವರು ದಡದ ಹತ್ತಿರ ಹಲಗೆಯನ್ನು ಅರ್ಧಕ್ಕೆ ಎತ್ತಿ ಓಡಿಸುವುದನ್ನು ರೂಢಿ ಮಾಡಿಕೊಳ್ಳಲಿ.

5. ಇಬ್ಬರು ಎತ್ತಲಾಗದ ದೋಣಿ ಬೇಡ

ಹಿನ್ನೀರಿನ ದಡದಲ್ಲಿ ಕಾಂಕ್ರೀಟಿನ ಇಳಿಜಾರು ಎಲ್ಲಿದೆ? ಎರಡು ಅಗಲ ಚಕ್ರದ ಕೈಗಾಡಿಯ ಮೇಲೆ ದೋಣಿಯನ್ನು ಕೂರಿಸಿ ಹುಲ್ಲು, ಕೆಸರು ದಾಟಿಸಬೇಕು. ಸಣ್ಣ ಗಟ್ಟಿ ಚಕ್ರ ಕೆಸರಿನಲ್ಲಿ ಹೂತು ಹೋಗುತ್ತದೆ, ಗಾಳಿ ತುಂಬಿದ ಅಗಲ ಟೈರೇ ಆಗಬೇಕು. ಹಾಸನದ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪೈಪಿನಿಂದ ಇಂಥದ್ದೊಂದನ್ನು ಮಾಡಿಸಿಕೊಳ್ಳುವುದು ಕಷ್ಟವಲ್ಲ. ದೋಣಿಯ ಒಡಲಿಗೆ ಒಪ್ಪುವ ಹಾಗೆ ಪಟ್ಟಿ ಕಟ್ಟಿಸಿ. ಕಬ್ಬಿಣ ನೇರ ಒತ್ತಿದರೆ ಫೈಬರ್ ಬಿರಿಯುತ್ತದೆ.

ತೋಟದ ಪಿಕಪ್ಪಿನಲ್ಲಿ 4 ಮೀಟರಿನ ದೋಣಿ ಹಿಂದಕ್ಕೆ ಚಾಚಿಕೊಂಡೇ ಕೂರುತ್ತದೆ. ಕೆಂಪು ಬಟ್ಟೆ ಕಟ್ಟಿ, ಒಡಲನ್ನು ಬೋರಲು ಹಾಕಿ, ಹಳೇ ಟೈರಿನ ಮೇಲೆ ಬಿಗಿದು ತನ್ನಿ. ಸಕಲೇಶಪುರದ ತಿರುವುಗಳಲ್ಲಿ ಸಡಿಲ ಹಗ್ಗ ನಂಬಿಕೆಗೆ ಅರ್ಹವಲ್ಲ.

6. ತಲೆ ಎತ್ತಿ ನೋಡಿ: ಕರೆಂಟ್ ತಂತಿ

ಲೇಸರ್ ಆಗಲಿ, ಎಂಟರ್‌ಪ್ರೈಸ್ ಆಗಲಿ, ಕಂಬ ನಿಲ್ಲಿಸಿದರೆ ಎತ್ತರ 6 ಮೀಟರ್ ದಾಟುತ್ತದೆ. ಅಲ್ಯೂಮಿನಿಯಂ ಕಂಬ. ಗದ್ದೆ ಪಕ್ಕ, ಪಂಪ್‌ಸೆಟ್ಟಿಗೆ ಎಳೆದ ತಂತಿಗಳು ನಮ್ಮಲ್ಲಿ ಜೋತುಬಿದ್ದೇ ಇರುತ್ತವೆ. ಕಂಬ ನಿಲ್ಲಿಸುವುದು ತಂತಿ ದಾಟಿ ನೀರಂಚಿಗೆ ಬಂದ ಮೇಲೆಯೇ. ವಾಪಸು ಬರುವಾಗ ಮೊದಲು ಕಂಬ ಇಳಿಸಿ, ಆಮೇಲೆ ಗಾಡಿ ಎಳೆಯಿರಿ. ಈ ಕ್ರಮವನ್ನು ಒಂದು ಸಲವೂ ತಪ್ಪಿಸಬೇಡಿ.

7. ಕೊಳ್ಳುವ ಮೊದಲು ಮಗುಚಿ ನೋಡಿ

ಸಣ್ಣ ಹಾಯಿದೋಣಿ ಮಗುಚುತ್ತದೆ. ಅದು ಅನಾಹುತವಲ್ಲ, ಕಲಿಕೆಯ ಭಾಗ. ಮಗುಚಿದ ಮೇಲೆ ದೋಣಿ ತೇಲಬೇಕು. ನೀವು ಅಡಿಹಲಗೆಯ ಮೇಲೆ ಹತ್ತಿ ನಿಂತು ಭಾರ ಹಾಕಿದಾಗ ಎದ್ದು ಕೂರಬೇಕು. ಎದ್ದ ಮೇಲೆ ನಿಮ್ಮನ್ನು ಹತ್ತಿಸಿಕೊಳ್ಳಬೇಕು. ಮಾರುವವರ ಎದುರಿಗೇ ಇಷ್ಟನ್ನೂ ಮಾಡಿ ನೋಡಿ. ತೇಲುಗೂಡುಗಳ ಮುಚ್ಚಳ ಬಿಗಿಯಾಗಿದೆಯೇ, ಹಳೇ ಎಂಟರ್‌ಪ್ರೈಸ್ ಆದರೆ ಗಾಳಿಚೀಲಗಳು ತೂತಿಲ್ಲದೆ ಇವೆಯೇ ನೋಡಿ. ಅರ್ಧ ಗಂಟೆ ನೀರಿನಲ್ಲಿ ಬಿಟ್ಟು ಮೇಲೆತ್ತಿ, ತಳದ ಬಿರಡೆ ತೆಗೆಯಿರಿ. ಎಷ್ಟು ನೀರು ಹೊರಬರುತ್ತದೆ ಎಂಬುದು ಮಾರುವವರ ಮಾತಿಗಿಂತ ಸತ್ಯ.

ಹಿನ್ನೀರಿನ ಆಳವಿಲ್ಲದ ಜಾಗದಲ್ಲಿ ದೋಣಿ ಪೂರ್ತಿ ತಲೆಕೆಳಗಾದರೆ ಕಂಬದ ತುದಿ ಕೆಸರಿಗೆ ನಾಟಿಕೊಳ್ಳುತ್ತದೆ. ಆಗ ಎತ್ತುವುದು ಬಲು ಕಷ್ಟ, ಕಂಬವೂ ಬಾಗುತ್ತದೆ. ಕಂಬದ ತುದಿಗೆ ಒಂದು ಸಣ್ಣ ತೇಲುಬುರುಡೆ ಕಟ್ಟಿದರೆ ದೋಣಿ ಪಕ್ಕಕ್ಕೆ ಮಲಗಿದಲ್ಲೇ ನಿಲ್ಲುತ್ತದೆ. ಸ್ಪರ್ಧೆಯವರು ಇದನ್ನು ಒಪ್ಪಲಿಕ್ಕಿಲ್ಲ. ನಮಗೆ ಅದು ಕಡ್ಡಾಯ.

8. ಕ್ಯಾಬಿನ್, ಭಾರದ ತಳ, ಎಂಜಿನ್: ಮೂರೂ ಬೇಡ

ಒಂದು ದಿನದ ವಿಹಾರಕ್ಕೆ ಮಲಗುವ ಕೋಣೆ ಯಾಕೆ? ಸೀಸದ ತಳವಿರುವ ದೋಣಿ ಆಳದ ನೀರು, ಕಟ್ಟಿ ನಿಲ್ಲಿಸುವ ಜೆಟ್ಟಿ ಕೇಳುತ್ತದೆ. ಎಂಜಿನ್ ಹಾಕಿದರೆ ಕಾನೂನಿನ ಪ್ರಕಾರ ನೋಂದಣಿ, ತಪಾಸಣೆ ಬೇರೆಯೇ ಆಗುತ್ತದೆ. ಕುಡಿಯುವ ನೀರಿನ ಜಲಾಶಯಕ್ಕೆ ಎಣ್ಣೆ ಸೋರಿಸುವುದು ಪಾಪದ ಕೆಲಸವೂ ಹೌದು.

9. ಹಳೆಯದೇ ಸಾಕು, ಆದರೆ ಕಣ್ಣಿಟ್ಟು ನೋಡಿ

ಮುಂಬೈ, ಗೋವಾ, ಚೆನ್ನೈ, ಹೈದರಾಬಾದಿನ ಕ್ಲಬ್ಬುಗಳ ಕಡೆ ವಿಚಾರಿಸಿದರೆ ಬಳಸಿದ ದೋಣಿಗಳು ಸಿಗುತ್ತವೆ. ಕಡಲಿನಿಂದ ಬಂದ ದೋಣಿಯ ಅಲ್ಯೂಮಿನಿಯಂ ಕಂಬದಲ್ಲಿ ರಿವೆಟ್ಟುಗಳ ಸುತ್ತ ಬಿಳಿ ಪುಡಿ ಕಂಡರೆ ಲೋಹ ತಿನ್ನಿಸಿಕೊಂಡಿದೆ ಎಂದರ್ಥ. ಒಡಲಿನ ಮೇಲೆ ಕೈಯೊತ್ತಿ ನಡೆಯಿರಿ. ಮೆತ್ತಗೆ ಒಳಗಿಳಿದರೆ ಅಲ್ಲಿ ಪದರ ಬಿಟ್ಟಿದೆ. ಲೇಸರ್‌ನಲ್ಲಿ ಕಂಬ ಕೂರುವ ಗುಂಡಿಗೆ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಡಿ. ನೀರು ಇಳಿದರೆ ತಳ ಸವೆದಿದೆ, ವ್ಯಾಪಾರ ಬಿಟ್ಟುಬಿಡಿ. ಚುಕ್ಕಾಣಿ ತೂಗುಹಾಕುವ ಕೊಂಡಿಗಳ ಸ್ಕ್ರೂ ಅಲುಗಬಾರದು. ಹಾಯಿಯ ಬಟ್ಟೆ ಹಳೇ ಸೀರೆಯ ಹಾಗೆ ಮೆತ್ತಗಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಹೊಸ ಹಾಯಿಯ ಬೆಲೆಯನ್ನು ದೋಣಿಯ ಬೆಲೆಗೆ ಕೂಡಿಸಿ ಚೌಕಾಸಿ ಮಾಡಿ.

ಮರಗೆಲಸ ಬಲ್ಲವರು ಮನೆಯಲ್ಲೇ ಕಟ್ಟಬಹುದು. 1962ರಲ್ಲಿ ಬಂದ ಮಿರರ್ ಎಂಬ 3.3 ಮೀಟರಿನ ದೋಣಿ ಮನೆಯಲ್ಲಿ ಕಟ್ಟುವವರಿಗಾಗಿಯೇ ಹುಟ್ಟಿದ್ದು: ಪ್ಲೈವುಡ್ ಹಲಗೆಗಳ ಅಂಚನ್ನು ತಾಮ್ರದ ತಂತಿಯಿಂದ ಹೊಲಿದು, ಕೂಡು ಜಾಗಕ್ಕೆ ಫೈಬರ್ ಪಟ್ಟಿ ಮತ್ತು ರಾಳ ಬಳಿಯುವ ವಿಧಾನ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಎಂಬ ಗುರುತು ನೋಡಿ. ಮೆರೈನ್ ಪ್ಲೈಗೆ ಭಾರತದ ಮಾನಕ ಅದು. ಅಡಿಗೆಮನೆಯ ಕಪಾಟಿಗೆ ಹಾಕುವ ಮಾಮೂಲಿ ಪ್ಲೈ ಎರಡು ಮಳೆಗಾಲ ಬಾಳದು.

ಮಲೆನಾಡಿನ ಥಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮರದ ದೋಣಿ ಕೊಳ್ಳಬೇಡಿ. ಜೂನ್ ಬಂತೆಂದರೆ ಬೂಷ್ಟು. ಹಾಯಿಯನ್ನು ಒದ್ದೆಯಿರುವಾಗ ಸುತ್ತಿಡಬೇಡಿ. ಒಣಗಿಸಿ, ಸಡಿಲವಾಗಿ ಸುರುಳಿ ಸುತ್ತಿ, ಅಟ್ಟದ ತೊಲೆಗೆ ತೂಗುಹಾಕಿ. ನೆಲದ ಮೇಲಿಟ್ಟರೆ ಇಲಿ ಬಿಡುವುದಿಲ್ಲ. ಒಡಲನ್ನು ಬೋರಲು ಹಾಕಿ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ, ಮೇಲೆ ಟಾರ್ಪಾಲು ಹೊದಿಸಿ.

10. ಬೇರೆಯವರ ದೋಣಿಯಲ್ಲಿ ಕಲಿತು ನಂತರ ಕೊಳ್ಳಿ

ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ತೃಷ್ಣಾ ಎಂಬುದು ಸೇನೆಯ ಎಂಜಿನಿಯರ್‌ಗಳು 1985ರಿಂದ 1987ರ ನಡುವೆ ಭೂಪ್ರದಕ್ಷಿಣೆ ಮಾಡಿಬಂದ ಹಾಯಿನೌಕೆಯ ಹೆಸರು. ಭಾರತೀಯರ ಮೊದಲ ಹಾಯಿ ಪ್ರದಕ್ಷಿಣೆ ಅದೇ. ಸೇನೆಯ ಆವರಣವಾದ್ದರಿಂದ ಹೊರಗಿನವರಿಗೆ ಪ್ರವೇಶ ಯಾವಾಗ, ಹೇಗೆ ಎಂದು ಮೊದಲೇ ವಿಚಾರಿಸಿ ಹೋಗಿ. ಚೆನ್ನೈ, ಹೈದರಾಬಾದ್, ಗೋವಾದಲ್ಲಿ ನಾಗರಿಕರಿಗೂ ವಾರದ ತರಬೇತಿಗಳು ಸಿಗುತ್ತವೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಎನ್‌ಸಿಸಿ ನೌಕಾ ವಿಭಾಗ ಒಳ್ಳೆಯ ದಾರಿ. ಒಂದು ವಾರ ಎರಡು ಬಗೆಯ ದೋಣಿ ಓಡಿಸಿದ ಮೇಲೆ ನಿಮ್ಮ ಮೊಣಕಾಲು, ಬೆನ್ನು, ಧೈರ್ಯ ಮೂರೂ ಯಾವ ದೋಣಿಗೆ ಒಪ್ಪುತ್ತವೆ ಎಂದು ನಿಮಗೇ ತಿಳಿಯುತ್ತದೆ.

11. ನೀರಿಗೆ ಯಜಮಾನರಿದ್ದಾರೆ

ಜಲಾಶಯ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ. ಗೊರೂರಿನ ಕಚೇರಿಗೆ ಹೋಗಿ, ಎಲ್ಲಿ ಇಳಿಯುತ್ತೀರಿ, ಎಂಥ ದೋಣಿ ಎಂದು ಬರೆದುಕೊಟ್ಟು ಅನುಮತಿ ಕೇಳಿ. ಅಣೆಕಟ್ಟು ಮತ್ತು ಕ್ರೆಸ್ಟ್ ಗೇಟಿನ ಕಡೆ ಸುಳಿಯುವಂತೆಯೇ ಇಲ್ಲ. ಇಳಿಯುವ ಜಾಗ ಯಾರದೋ ಜಮೀನಿಗೆ ಹೊಂದಿಕೊಂಡಿದ್ದರೆ ಅವರನ್ನೂ ಕೇಳಿ.

ಮೀನುಗಾರರ ಜೊತೆ ಸ್ನೇಹ ಬೆಳೆಸುವುದು ಅಷ್ಟೇ ಮುಖ್ಯ. ಬಲೆ ಎಲ್ಲಿ ಬಿಟ್ಟಿದ್ದಾರೆ, ಯಾವ ಜಾಗದಲ್ಲಿ ಮೊಂಡಿದೆ, ಮಧ್ಯಾಹ್ನದ ಗಾಳಿ ಯಾವ ಕಣಿವೆಯಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ತೇಲುವ ಖಾಲಿ ಬಾಟಲಿ, ಥರ್ಮಕೋಲ್ ತುಂಡು ಕಂಡರೆ ಅದು ಕಸವೆಂದು ತಿಳಿಯಬೇಡಿ, ಅದರ ಕೆಳಗೆ ಅವರ ಬಲೆ ಇದೆ. ದೂರ ಸುತ್ತಿ ಹೋಗಿ. ಹರಿದರೆ ಬಲೆಯ ಬೆಲೆ ಕೊಟ್ಟು ಬನ್ನಿ.

12. ಜಾಕೆಟ್, ಹುಟ್ಟು, ಕಾಫಿ ಕುಯ್ಲು

ದೋಣಿಗೆ ಇಟ್ಟ ಹಣದಲ್ಲಿ ಮೊದಲು ಜಾಕೆಟ್ಟಿನ ಪಾಲು ತೆಗೆದಿಡಿ. ಈಜು ಬಲ್ಲವರಿಗೆ 50 ನ್ಯೂಟನ್ ತೇಲುಬಲದ ಜಾಕೆಟ್ ಸಾಕು, ಕೈಕಾಲು ಆಡಿಸಲು ಹಗುರ. ಈಜು ಬಾರದವರಿಗೆ, ಮಕ್ಕಳಿಗೆ 100 ನ್ಯೂಟನ್ನಿನದು, ಕತ್ತಿನ ಹಿಂದೆ ದಿಂಬು ಇರುವಂಥದ್ದು. ಮಗುವಿಗೆ ದೊಡ್ಡವರ ಅಳತೆಯ ಜಾಕೆಟ್ ತೊಡಿಸಿದರೆ ಅದು ನೀರಿನಲ್ಲಿ ಮೇಲಕ್ಕೆ ಜಾರಿಹೋಗುತ್ತದೆ, ಕಾಲಸಂದಿಯ ಪಟ್ಟಿ ಇರಲೇಬೇಕು. ದಡ ಬಿಡುವ ಮುಂಚೆಯೇ ಗುಂಡಿ ಹಾಕಿಸಿ.

ನಮ್ಮ ಕೆಲಸದ ವರ್ಷಕ್ಕೂ ಹಾಯಿಯ ವರ್ಷಕ್ಕೂ ಒಂದು ಹೊಂದಾಣಿಕೆ ಇದೆ. ಮಳೆ ಹಿಂದೆ ಸರಿದು, ಕುಯ್ಲು ಇನ್ನೂ ಜೋರಾಗದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಜಲಾಶಯವೂ ತುಂಬಿರುತ್ತದೆ, ಕೈಯೂ ಸ್ವಲ್ಪ ಬಿಡುವಾಗಿರುತ್ತದೆ. ಆ ಹೊತ್ತಿಗೆ ದೋಣಿ ಸಿದ್ಧವಿರಬೇಕಾದರೆ ಕೊಳ್ಳುವ ಮಾತು ಬೇಸಿಗೆಯಲ್ಲೇ ಮುಗಿಯಬೇಕು.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ. ದಣಿದ ಕೈಗೆ ವಾಪಸು ದಾರಿ ಸುಲಭವಾಗಿರಬೇಕು. ಸಂಜೆ ಗಾಳಿ ಬಿದ್ದರೆ ಹಾಯಿ ಬರೀ ಬಟ್ಟೆ. ಅದಕ್ಕಾಗಿ ಯಾವ ದೋಣಿಯೇ ಇರಲಿ, ಒಂದು ಹುಟ್ಟನ್ನು ಹಗ್ಗದಿಂದ ಕಟ್ಟಿ ಒಳಗಿಡಿ. ನೀರು ಎತ್ತಿ ಹಾಕಲು ಹಿಡಿಯಿರುವ ಬಕೆಟ್ಟು, ನೀರು ನುಗ್ಗದ ಚೀಲದಲ್ಲಿ ಫೋನು, ಕೊರಳಿಗೆ ಒಂದು ಸೀಟಿ ಇರಲಿ. ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.